ಹಳೇ ಕನ್ನಡ ಸಿನಿಮಾ ಮನೆ ಟಿವಿಯಲ್ಲಿ: ಅಗಲ ಮುಖ, ಬಾಚಣಿಗೆ ಗೆರೆ, ಏರಿದ ಶ್ರುತಿ, ನಡುವೆ ನಿಲ್ಲುವ ಚಿತ್ರ

ಬಿಳಿಪರದೆ:
ನೋಡುತ್ತಿರುವುದು 1955ರಿಂದ 1980ರ ನಡುವಿನ ಕನ್ನಡ ಚಿತ್ರಗಳು, ಯೂಟ್ಯೂಬ್‌ನಲ್ಲಿ ಮತ್ತು ಒಂದು ಒಟಿಟಿ ಆಪ್‌ನಲ್ಲಿ. 43 ಇಂಚಿನ 4ಕೆ ಟಿವಿ, ಟಿವಿಯ ಯುಎಸ್‌ಬಿಯಿಂದಲೇ ಕರೆಂಟ್ ಪಡೆಯುವ ಸ್ಟ್ರೀಮಿಂಗ್ ಸ್ಟಿಕ್, 100 ಎಂಬಿಪಿಎಸ್ ಫೈಬರ್. ಹೊಸ ಚಿತ್ರಗಳ ಚಿತ್ರ-ಶಬ್ದದಲ್ಲಿ ಯಾವ ದೋಷವೂ ಇಲ್ಲ. ಹಳೆಯವುಗಳಲ್ಲಿ ಮುಖಗಳು ಅಗಲ. ಯಾರಾದರೂ ಓಡಿದರೆ ಮೈಯಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಅಡ್ಡಗೆರೆ. ಹಾಡುಗಳಲ್ಲಿ ಶ್ರುತಿ ಏರಿದ ಹಾಗೆ. ಕ್ಯಾಮೆರಾ ಪಕ್ಕಕ್ಕೆ ಸರಿದರೆ ಜರ್ಕು. ಇದರ ಜೊತೆಗೆ ರಾತ್ರಿ 9ರ ಮೇಲೆ ಚಕ್ರ ಸುತ್ತುತ್ತ ನಿಲ್ಲುತ್ತದೆ, ವಾರಕ್ಕೆರಡು ಸಲ ಸ್ಟಿಕ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಟಿವಿ ಬದಲಿಸಬೇಕೇ, ಪ್ಲಾನ್ ಏರಿಸಬೇಕೇ?

ರೀಲ್‌ಪೆಟ್ಟಿಗೆ:
ಸದ್ಯಕ್ಕೆ ಎರಡೂ ಬೇಡ ಸರ್. ಸೆಟ್ಟಿಂಗ್ ಮುಟ್ಟುವ ಮೊದಲು ದೋಷ ಎಲ್ಲಿದೆ ಎಂದು ಗೊತ್ತುಮಾಡಿಕೊಳ್ಳಿ. ಅಪ್‌ಲೋಡ್ ಆದ ಪ್ರತಿಯಲ್ಲೇ ಇದೆಯೇ, ದಾರಿಯಲ್ಲಿದೆಯೇ, ನಿಮ್ಮ ಟಿವಿಯಲ್ಲಿದೆಯೇ? ಇದು ತಿಳಿಯದೆ ಪ್ಲಾನ್ ಏರಿಸಿದರೆ ದುಡ್ಡು ಹೋಗುತ್ತದೆ, ಗೆರೆ ಅಲ್ಲೇ ಇರುತ್ತದೆ.

ಗೆರೆ ಕಂಡ ಕ್ಷಣವೇ ಪಾಸ್ ಒತ್ತಿ. ನಿಂತ ಚಿತ್ರದಲ್ಲೂ ಬಾಚಣಿಗೆ ಹಲ್ಲು ಉಳಿದರೆ ಅದು ಪ್ರತಿಯಲ್ಲೇ ಅಚ್ಚಾಗಿದೆ. ನಿಂತಾಗ ಚೊಕ್ಕವಾಗಿ, ಓಡುವಾಗ ಮಾತ್ರ ವಿಚಿತ್ರವಾಗಿ ಕಂಡರೆ ಟಿವಿಯ ಮೋಷನ್ ಸೆಟ್ಟಿಂಗನ್ನು ಅನುಮಾನಿಸಿ. ಆಮೇಲೆ ಅದೇ ಚಿತ್ರದ ಅದೇ ನಿಮಿಷವನ್ನು ಫೋನಿನಲ್ಲಿ ಹಾಕಿ. ಅಲ್ಲೂ ಅದೇ ದೋಷವಿದ್ದರೆ ಟಿವಿ ನಿರಪರಾಧಿ.

ಈ ಪ್ರತಿಗಳ ಹಿನ್ನೆಲೆ ಹೀಗೆ. ನಾವು ನೋಡುವ ಹಳೆಯ ಚಿತ್ರಗಳಲ್ಲಿ ಬಹುಪಾಲು ನೆಗೆಟಿವ್‌ನಿಂದ ಹೊಸದಾಗಿ ಸ್ಕ್ಯಾನ್ ಆದವಲ್ಲ. ಥಿಯೇಟರುಗಳಲ್ಲಿ ಓಡಿ ಸವೆದ ಪ್ರಿಂಟನ್ನು ಟಿವಿ ಪ್ರಸಾರಕ್ಕಾಗಿಯೋ ವಿಸಿಡಿಗಾಗಿಯೋ ಟೆಲಿಸಿನಿ ಮಾಡಿದ (ಫಿಲ್ಮಿನಿಂದ ವಿಡಿಯೊಗೆ ಇಳಿಸಿದ) ಟೇಪೇ ಮೂಲ. ವಿಸಿಡಿಯ ಚಿತ್ರ 352×288 ಚುಕ್ಕಿ, ವಿಡಿಯೊಗೆ ಸೆಕೆಂಡಿಗೆ 1150 ಕಿಲೋಬಿಟ್ ಅಷ್ಟೇ. 1920×1080ರ ಚುಕ್ಕಿಗಳ ಇಪ್ಪತ್ತರಲ್ಲಿ ಒಂದು ಪಾಲು. ಅದನ್ನು ಹಿಗ್ಗಿಸಿ '1080ಪಿ ಎಚ್‌ಡಿ' ಎಂದು ಹೆಸರಿಟ್ಟರೂ ಇಲ್ಲದ ಕಣ್ರೆಪ್ಪೆ ಮೂಡುವುದಿಲ್ಲ.

ದೋಷದ ಚಹರೆಯಿಂದಲೇ ಮೂಲ ತಿಳಿಯಬಹುದು. ಕತ್ತಲ ದೃಶ್ಯದಲ್ಲಿ ಚೌಕ ಚೌಕವಾಗಿ ಒಡೆದರೆ ವಿಸಿಡಿ ಇರಬಹುದು. ವಿಸಿಡಿಯಲ್ಲಿ ಇಂಟರ್‌ಲೇಸ್ (ಒಂದು ಚಿತ್ರವನ್ನು ಸಮ ಸಾಲು, ಬೆಸ ಸಾಲು ಎಂದು ಎರಡು ಪಾಲು ಮಾಡಿ ತೋರಿಸುವುದು) ಇಲ್ಲ, ಹಾಗಾಗಿ ಬಾಚಣಿಗೆ ಗೆರೆ ಇದ್ದರೆ ಅದು 576 ಸಾಲಿನ ಟೇಪ್ ಅಥವಾ ಡಿವಿಡಿಯಿಂದ ಬಂದದ್ದು. ಒಂದು ಲೆಕ್ಕದಲ್ಲಿ ಇದು ಒಳ್ಳೆಯ ಸುದ್ದಿ, ವಿಸಿಡಿಗಿಂತ ಹೆಚ್ಚು ವಿವರ ಅದರಲ್ಲಿದೆ.

ಬಿಳಿಪರದೆ:
ಪಾಸ್ ಮಾಡಿದರೂ ಗೆರೆ ಇದೆ. ಫೋನಿನಲ್ಲೂ ಇದೆ. ಹಾಗಾದರೆ ಮನೆಯಲ್ಲಿ ಮಾಡಲು ಏನೂ ಉಳಿದಿಲ್ಲವೇ?

ರೀಲ್‌ಪೆಟ್ಟಿಗೆ:
ಸ್ವಲ್ಪ ಇದೆ. ಮೊದಲು ಅದೇ ಚಿತ್ರದ ಬೇರೆ ಅಪ್‌ಲೋಡ್ ಹುಡುಕಿ. ಒಂದೇ ಚಿತ್ರ ಎರಡು ಮೂರು ಕಂಪನಿಗಳ ಚಾನೆಲ್‌ನಲ್ಲಿರುವುದುಂಟು, ಟೆಲಿಸಿನಿಯೂ ಬೇರೆ ಬೇರೆ ಇರುತ್ತದೆ. ಮೂರರಲ್ಲೂ ಒಂದೇ ಹೊಡೆದಾಟದ ದೃಶ್ಯ, ಒಂದೇ ಹಾಡು ಹಾಕಿ ಹೋಲಿಸಿ. ವೀಕ್ಷಣೆಯ ಸಂಖ್ಯೆ ಗುಣಮಟ್ಟಕ್ಕೆ ಗುರುತಲ್ಲ.

ಬೇರೆ ಪ್ರತಿ ಸಿಗದಿದ್ದರೆ 360ಪಿ ಆರಿಸಿ ನೋಡಿ. ಚಿತ್ರ ಮಂಕಾಗುತ್ತದೆ, ಆದರೆ ಅಕ್ಕಪಕ್ಕದ ಸಾಲುಗಳು ಬೆರೆತು ಹಲ್ಲುಗಳು ಕರಗುತ್ತವೆ. ಗೆರೆ ಇಲ್ಲದ ಪ್ರತಿಗೆ ಮಾತ್ರ ಇದರ ಉಲ್ಟಾ ಮಾಡಬೇಕು: ಮೂಲ ಕಡಿಮೆಯದೇ ಆಗಿದ್ದರೂ ಪಟ್ಟಿಯಲ್ಲಿರುವ ಅತಿ ದೊಡ್ಡ ಗಾತ್ರವನ್ನೇ ಆರಿಸಿ. ದೊಡ್ಡ ಗಾತ್ರಕ್ಕೆ ಯೂಟ್ಯೂಬ್ ಹೆಚ್ಚು ಬಿಟ್‌ರೇಟ್ ಕೊಡುತ್ತದೆ, ಗ್ರೇನ್ (ಫಿಲ್ಮಿನ ಸಣ್ಣ ಕಾಳುಗಳು) ಇರುವ ಕಪ್ಪು ಬಿಳುಪು ಚಿತ್ರಕ್ಕೆ ಆ ಬಿಟ್ಟುಗಳು ಬೇಕೇ ಬೇಕು.

ಕೈಯಲ್ಲಿ ಡಿವಿಡಿ ಇದ್ದರೆ ಕೆಲಸ ಸುಲಭ. ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ ಡೀಇಂಟರ್‌ಲೇಸ್ ಆನ್ ಮಾಡಿ, ಮೋಡ್ 'ಯಾಡಿಫ್' ಇಡಿ. ಡಿಸ್ಕಿನಲ್ಲಿ ಎರಡೂ ಫೀಲ್ಡ್ (ಸಮ ಸಾಲಿನ ಪಾಲು, ಬೆಸ ಸಾಲಿನ ಪಾಲು) ಬೇರೆ ಬೇರೆಯಾಗಿಯೇ ಇರುವುದರಿಂದ ಸರಿಯಾಗಿ ಜೋಡಿಸಬಹುದು. ಗೆರೆ ಬಿಡಿಸದೆಯೇ ಹಿಗ್ಗಿಸಿದ ಅಪ್‌ಲೋಡ್‌ನಲ್ಲಿ ಎರಡು ಫೀಲ್ಡ್‌ಗಳ ಸಾಲುಗಳು ಒಂದಕ್ಕೊಂದು ಕಲಸಿಹೋಗಿರುತ್ತವೆ, ಅದನ್ನು ಯಾರೂ ಬಿಡಿಸಲಾರರು.

ತುಂಗಾತೀರ:
ಅಗಲ ಮುಖದ ಬಗ್ಗೆ. ಆ ಕಾಲದ ಚಿತ್ರಗಳ ಚೌಕಟ್ಟು 1.37ಕ್ಕೆ 1, ಟಿವಿ ಲೆಕ್ಕದಲ್ಲಿ ಹೆಚ್ಚು ಕಡಿಮೆ 4:3. ಅದನ್ನು 16:9ಕ್ಕೆ ಎಳೆದರೆ ಎಲ್ಲರೂ ಮೂರನೇ ಒಂದು ಪಾಲು ದಪ್ಪಗಾಗುತ್ತಾರೆ. ಕಣ್ಣಂದಾಜು ಬೇಡ, ಅಳತೆ ತೆಗೆಯಿರಿ. ನೇರ ಎದುರಿನಿಂದ ತೆಗೆದ ಗಾಡಿಚಕ್ರವೋ ಗೋಡೆ ಗಡಿಯಾರವೋ ಬಂದಾಗ ಪಾಸ್ ಮಾಡಿ, ಪರದೆಯ ಮೇಲೆ ಸ್ಕೇಲ್ ಹಿಡಿದು ಅಗಲವನ್ನು ಎತ್ತರದಿಂದ ಭಾಗಿಸಿ. 1 ಬಂದರೆ ಸರಿ, 1.33 ಬಂದರೆ ಎಳೆದಿದ್ದಾರೆ.

ಎಳೆದದ್ದಾದರೆ ಪೂರ್ತಿ ಸರಿಪಡಿಸಬಹುದು, ಒಂದು ಚುಕ್ಕಿಯೂ ನಷ್ಟವಿಲ್ಲ. ಸ್ಟಿಕ್ ಎಚ್‌ಡಿಎಂಐನಲ್ಲಿ ಇರುವುದರಿಂದ ಟಿವಿಯ ರಿಮೋಟಿನಲ್ಲಿ ಪಿಕ್ಚರ್ ಸೈಜ್‌ಗೆ ಹೋಗಿ 4:3 ಆರಿಸಿ. ಇಡೀ 16:9 ಚಿತ್ರ ಕುಗ್ಗಿ ಮುಖಗಳು ಮುಖದಂತಾಗುತ್ತವೆ. ಕೆಲವು ಟಿವಿಗಳಲ್ಲಿ 4ಕೆ ಸಿಗ್ನಲ್ ಬರುತ್ತಿರುವಾಗ ಈ ಆಯ್ಕೆ ಮಸುಕಾಗಿರುತ್ತದೆ, ಆಗ ಸ್ಟಿಕ್‌ನ ಡಿಸ್ಪ್ಲೇ ಸೆಟ್ಟಿಂಗ್‌ನಲ್ಲಿ 1080ಪಿಗೆ ಇಳಿಸಿ. ಟಿವಿಯೊಳಗಿನ ಆಪ್‌ನಲ್ಲೇ ನೋಡುವವರಿಗೆ ಹಲವು ಮಾಡೆಲ್‌ಗಳಲ್ಲಿ 4:3 ಸಿಗುವುದೇ ಇಲ್ಲ. ಹಳೆಯ ಚಿತ್ರ ನೋಡುವವರಿಗೆ ಪ್ರತ್ಯೇಕ ಸ್ಟಿಕ್ ಬೇಕು ಎನ್ನಲು ನನಗೆ ಈ ಒಂದು ಕಾರಣ ಸಾಕು.

ಕತ್ತರಿಸಿದ್ದಾದರೆ ಮದ್ದಿಲ್ಲ. 4:3 ಚಿತ್ರವನ್ನು ಜೂಮ್ ಮಾಡಿ 16:9 ತುಂಬಿಸಿದಾಗ ಎತ್ತರದ ಕಾಲು ಭಾಗ ಹೋಗುತ್ತದೆ. ಚಿತ್ರದ ಶುರುವಿನ ಹೆಸರುಗಳ ಕಾರ್ಡ್ ನೋಡಿ: ಮೇಲಿನ ಸಾಲಿನ ಗುಣಿತಾಕ್ಷರ, ಕೆಳಗಿನ ಸಾಲಿನ ಒತ್ತಕ್ಷರ ಕತ್ತರಿಸಿಹೋಗಿದ್ದರೆ ಆ ಪ್ರತಿಯನ್ನು ಬಿಟ್ಟುಬಿಡಿ. ನೃತ್ಯದಲ್ಲಿ ಪಾದವೇ ಕಾಣದ ಚಿತ್ರವನ್ನು ನೋಡಿ ಏನು ಮಾಡುವುದು?

ಮಾವಿನತೋಪು:
ತುಂಗಾತೀರ ಅವರೇ, ನನಗೆ ಇದರ ಉಲ್ಟಾ ಕಾಣುತ್ತಿದೆ. 70ರ ದಶಕದ ಕೊನೆಯ ಒಂದು ಬಣ್ಣದ ಚಿತ್ರದಲ್ಲಿ ಟೈಟಲ್ ಬರುವಾಗ ಎಲ್ಲರೂ ಉದ್ದ, ಸಣಕಲು. ಟೈಟಲ್ ಮುಗಿದ ಮೇಲೆ ಸರಿ, ಆದರೆ ಇಬ್ಬರು ಮಾತಾಡುವಾಗ ಒಬ್ಬರೇ ಕಾಣುತ್ತಾರೆ.

ತುಂಗಾತೀರ:
ಅದು ಸಿನಿಮಾಸ್ಕೋಪ್ ಮೇಡಂ. ಕನ್ನಡಕ್ಕೆ ಅದು ಬಂದದ್ದು 1977ರಲ್ಲಿ, 'ಸೊಸೆ ತಂದ ಸೌಭಾಗ್ಯ'ದಿಂದ. ಚೌಕಟ್ಟು 2.35ಕ್ಕೆ 1. ಪ್ರಿಂಟಿನಲ್ಲಿ ಚಿತ್ರವನ್ನು ಅಡ್ಡಡ್ಡಲಾಗಿ ಅರ್ಧಕ್ಕೆ ಹಿಂಡಿರುತ್ತಾರೆ, ಪ್ರೊಜೆಕ್ಟರಿನ ಲೆನ್ಸ್ ಅದನ್ನು ಬಿಡಿಸುತ್ತದೆ. ಟೇಪಿಗೆ ಇಳಿಸುವಾಗ ಹೆಸರುಗಳು ಕಾಣಲಿ ಎಂದು ಟೈಟಲನ್ನು ಹಿಂಡಿದಂತೆಯೇ ಬಿಟ್ಟು, ಉಳಿದದ್ದನ್ನು 4:3ಕ್ಕೆ ಕತ್ತರಿಸಿದ್ದಾರೆ. ಹಾಗೆ ಮಾಡಿದರೆ ಅಗಲದ ಶೇ. 43 ಭಾಗ ಹೋಗುತ್ತದೆ. ನಿಮ್ಮ ಇನ್ನೊಬ್ಬ ಪಾತ್ರಧಾರಿ ಅಲ್ಲೇ ಹೋಗಿರುವುದು. ಮೇಲೆ ಕೆಳಗೆ ಕಪ್ಪು ಪಟ್ಟಿ ಇರುವ ಪ್ರತಿ ಸಿಕ್ಕರೆ, ಅದು ಎಷ್ಟೇ ಮಂಕಾಗಿದ್ದರೂ ಅದನ್ನೇ ನೋಡಿ.

ಶ್ರುತಿಪೆಟ್ಟಿಗೆ:
ಏರಿದ ಶ್ರುತಿಗೆ ಕಾರಣ ಕೇಳಿದ್ದಿರಿ. ಫಿಲ್ಮ್ ಓಡುವುದು ಸೆಕೆಂಡಿಗೆ 24 ಫ್ರೇಮ್. ನಮ್ಮ ಟಿವಿ ಪದ್ಧತಿ ಪಾಲ್, ಅದು 25. ಟೆಲಿಸಿನಿಯಲ್ಲಿ ಫಿಲ್ಮನ್ನೇ 25ರಲ್ಲಿ ಓಡಿಸಿಬಿಡುತ್ತಾರೆ. ವೇಗ ಶೇ. 4ರಷ್ಟು ಹೆಚ್ಚುತ್ತದೆ, ಎರಡೂವರೆ ಗಂಟೆಯ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ. ಹಾಡಿನ ಶ್ರುತಿ ಹಾರ್ಮೋನಿಯಂನಲ್ಲಿ ಒಂದು ಮನೆಯಿಂದ ಪಕ್ಕದ ಮನೆಗಿರುವ ದೂರದ ಸುಮಾರು ಮುಕ್ಕಾಲು ಪಾಲು ಏರುತ್ತದೆ. ಧ್ವನಿಮುದ್ರಿಕೆಯಲ್ಲಿ ಆ ಹಾಡು ಕೇಳಿದ ಕಿವಿಗೆ ಇದು ಗೊತ್ತಾಗಿಯೇ ಆಗುತ್ತದೆ.

ಯೂಟ್ಯೂಬ್‌ನಲ್ಲಿ ವೇಗವನ್ನು 0.95 ಮಾಡಿದರೆ ಗತಿ ಇಳಿಯುತ್ತದೆ, ಶ್ರುತಿ ಇಳಿಯುವುದಿಲ್ಲ. ಶ್ರುತಿ ಕಾಯ್ದುಕೊಳ್ಳುವಂತೆಯೇ ಅದನ್ನು ಮಾಡಿದ್ದಾರೆ. ನಿಮ್ಮ ಡಿಸ್ಕನ್ನು ವಿಎಲ್‌ಸಿಯಲ್ಲಿ ಹಾಕುವುದಾದರೆ ಆಡಿಯೊ ಪ್ರಿಫರೆನ್ಸ್‌ನಲ್ಲಿ 'ಟೈಮ್ ಸ್ಟ್ರೆಚಿಂಗ್' ತೆಗೆದುಹಾಕಿ, ವೇಗ 0.96 ಇಡಿ. 24ನ್ನು 25ರಿಂದ ಭಾಗಿಸಿದರೆ ಬರುವುದು ಅದೇ. ಗತಿ, ಶ್ರುತಿ ಎರಡೂ ಜಾಗಕ್ಕೆ ಬರುತ್ತವೆ. ಹಿನ್ನೆಲೆ ಗಾಯಕರ ಕಂಠ ಅವರದೇ ಕಂಠವಾಗಿ ಕೇಳುತ್ತದೆ, ಈ ಶ್ರಮಕ್ಕೆ ಅಷ್ಟು ಸಾಕು.

ಇನ್ನೊಂದು. ಶಬ್ದ ಎಡ ಸ್ಪೀಕರಿನಲ್ಲಿ ಮಾತ್ರ ಬರುತ್ತಿದ್ದರೆ ಸ್ಪೀಕರ್ ಕೆಟ್ಟಿಲ್ಲ. ಮೊನೊ ಟ್ರ್ಯಾಕನ್ನು ಒಂದೇ ಚಾನೆಲ್‌ಗೆ ಹಾಕಿ ಅಪ್‌ಲೋಡ್ ಮಾಡಿದ್ದಾರೆ. ಲ್ಯಾಪ್‌ಟಾಪಿನ ಆಕ್ಸೆಸಿಬಿಲಿಟಿಯಲ್ಲಿ 'ಮೊನೊ ಆಡಿಯೊ' ಆನ್ ಮಾಡಿದರೆ ಎರಡೂ ಕಡೆ ಬರುತ್ತದೆ. ಸೌಂಡ್‌ಬಾರ್ ಇದ್ದವರು ಸರೌಂಡ್ ಪರಿಣಾಮಗಳನ್ನೆಲ್ಲ ಆರಿಸಿ 'ಸ್ಟ್ಯಾಂಡರ್ಡ್' ಇಡಿ. ಮೊನೊ ಸಂಭಾಷಣೆಗೆ ಸರೌಂಡ್ ಹಾಕಿದರೆ ಬಾವಿಯೊಳಗಿಂದ ಮಾತಾಡಿದ ಹಾಗಾಗುತ್ತದೆ.

ಹುಬ್ಬಳ್ಳಿ ಆಪರೇಟರ್:
ತುಟಿಗೂ ಮಾತಿಗೂ ತಾಳ ತಪ್ಪೋದರ ಬಗ್ಗೆ ಯಾರೂ ಹೇಳ್ಲಿಲ್ಲ, ನಾ ಹೇಳ್ತೀನಿ ನೋಡ್ರಿ. 35 ಎಂಎಂ ಫಿಲ್ಮಿನಾಗ ಶಬ್ದ ಚಿತ್ರದ ಪಕ್ಕದಾಗ ಇರಂಗಿಲ್ಲ, ಸುಮಾರು 20 ಫ್ರೇಮ್ ಮುಂದ ಇರ್ತೈತಿ. ಟೆಲಿಸಿನಿಗೆ ಮೊದಲು ರೀಲ್ ಕೂಡಿಸುವಾಗ ತುದಿಯ ಫ್ರೇಮ್ ಹರಿದು ಹೋಗಿದ್ರ ಅಲ್ಲಿಂದ ತಾಳ ತಪ್ಪತೈತಿ. ಪರೀಕ್ಷೆ ಹಿಂಗ ಮಾಡ್ರಿ. 1000 ಅಡಿ ರೀಲ್ 24 ಫ್ರೇಮಿನಾಗ 11 ನಿಮಿಷ ಓಡತೈತಿ, 2000 ಅಡಿದು 22 ನಿಮಿಷ. 25ಕ್ಕ ಓಡಿಸಿದ್ರ ಇನ್ನೂ ಅರ್ಧ ನಿಮಿಷ, ಒಂದು ನಿಮಿಷ ಕಡಿಮಿ. ಒಂದು ರೀಲಿನಷ್ಟು ಹೊತ್ತು ತಪ್ಪಿ, ಮುಂದಿನ ರೀಲಿಗೆ ತಾನ ಸರಿ ಆದ್ರ ಅದು ಪ್ರತಿಯ ದೋಷ, ನಿಮ್ಮ ಸೌಂಡ್‌ಬಾರ್‌ದಲ್ಲ. ರೀಲ್ ಮುಗಿಯೋ ಹೊತ್ತಿಗೆ ಬಲಕ್ಕ ಮ್ಯಾಲಿನ ಮೂಲ್ಯಾಗ ದುಂಡನ ಗುರುತು ಮಿಂಚಿ ಹೋಗ್ತೈತಿ, ಅದನ್ನ ಕಾಯ್ರಿ.

ಶುರುವಿನಿಂದ ಕೊನಿತನಕ ಒಂದೇ ಸಮ ತಪ್ಪಿದ್ರ, ಎಲ್ಲಾ ಚಿತ್ರದಾಗೂ ತಪ್ಪಿದ್ರ, ಆಗ ಮಾತ್ರ ಟಿವಿಯ ಆಡಿಯೊ ಡಿಲೇ ಮುಟ್ರಿ.

ಕ್ಯುಪರ್ಟಿನೊ ಕನ್ನಡತಿ:
ಕ್ಯಾಮೆರಾ ಸರಿದಾಗ ಬರುವ ಜರ್ಕಿಗೆ ಕಾರಣ ಸ್ಟಿಕ್ 60 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 60 ಸಲ) ಚಿತ್ರ ಕಳಿಸುತ್ತಿರುವುದು. 25 ಫ್ರೇಮನ್ನು 60ಕ್ಕೆ ಸಮನಾಗಿ ಹಂಚಲು ಆಗುವುದಿಲ್ಲ. ಒಂದು ಫ್ರೇಮ್ 2 ಸಲ, ಮುಂದಿನದು 3 ಸಲ, ಹೀಗೆ ಐದು ಫ್ರೇಮ್ 12 ಸಲಕ್ಕೆ ಏರುಪೇರಾಗಿ ಬೀಳುತ್ತವೆ. ನಿಮ್ಮ ಸ್ಟಿಕ್ ಅಮೆಜಾನ್‌ನ ಫೈರ್ ಟಿವಿಯಾದರೆ ಅದರ ಡಿಸ್ಪ್ಲೇ ಸೆಟ್ಟಿಂಗ್‌ನಲ್ಲಿ 'ಮ್ಯಾಚ್ ಒರಿಜಿನಲ್ ಫ್ರೇಮ್ ರೇಟ್' ಇದೆ, ಆದರೆ ಆಪ್ ಅದಕ್ಕೆ ಸ್ಪಂದಿಸಿದರೆ ಮಾತ್ರ ಕೆಲಸ ಮಾಡುತ್ತದೆ. ಸ್ಪಂದಿಸದಿದ್ದರೆ ವಿಡಿಯೊ ರೆಸಲ್ಯೂಶನ್‌ನಲ್ಲಿ ಕೈಯಾರೆ '1080ಪಿ 50 ಹರ್ಟ್ಸ್' ಆರಿಸಿ. ಆಗ ಪ್ರತಿ ಫ್ರೇಮ್ ಸರಿಯಾಗಿ ಎರಡೆರಡು ಸಲ ಬೀಳುತ್ತದೆ. ಹೊಸ ಚಿತ್ರ ನೋಡುವ ಮೊದಲು ವಾಪಸ್ 60ಕ್ಕೆ ತನ್ನಿ, 24 ಫ್ರೇಮಿನವು 50ರಲ್ಲಿ ಜರ್ಕು ಹೊಡೆಯುತ್ತವೆ.

ಅಮೆರಿಕದಲ್ಲಿರುವವರಿಗೆ ಒಂದು ಮಾತು: ಇಲ್ಲಿ ಮಾರುವ ಕೆಲವು ಟಿವಿಗಳು 50 ಹರ್ಟ್ಸ್ ಒಪ್ಪುವುದೇ ಇಲ್ಲ. ಕೊಳ್ಳುವ ಮೊದಲು ಮ್ಯಾನ್ಯುಯಲ್‌ನಲ್ಲಿ ಎಚ್‌ಡಿಎಂಐ ಪಟ್ಟಿಯಲ್ಲಿ '1080ಪಿ 50' ಇದೆಯೇ ನೋಡಿ. ಕನ್ನಡದ ಹಳೆಯ ಚಿತ್ರಗಳಿಗೆ ಅದು ಮುಖ್ಯ.

ತುಂಗಾತೀರ:
ಟಿವಿಯೊಳಗೆ ಆರಿಸಬೇಕಾದವು: ಮೋಷನ್ ಸ್ಮೂದಿಂಗ್ (ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಪಿಕ್ಚರ್ ಕ್ಲಾರಿಟಿ), ಡೈನಾಮಿಕ್ ಕಾಂಟ್ರಾಸ್ಟ್, ನಾಯ್ಸ್ ರಿಡಕ್ಷನ್, ಇಕೋ ಸೆನ್ಸರ್. ಹಳೆಯ ಪ್ರಿಂಟಿನಲ್ಲಿ ಬೆಳಕು ಮೊದಲೇ ಮಿಣುಕುತ್ತದೆ. ಡೈನಾಮಿಕ್ ಕಾಂಟ್ರಾಸ್ಟ್ ಅದನ್ನು ದೃಶ್ಯದ ಬದಲಾವಣೆ ಎಂದುಕೊಂಡು ಇನ್ನಷ್ಟು ಮಿಣುಕಿಸುತ್ತದೆ. ನಾಯ್ಸ್ ರಿಡಕ್ಷನ್ ಗ್ರೇನನ್ನು ಅಳಿಸುವಾಗ ಚರ್ಮದ ನೆರಿಗೆ, ಸೀರೆಯ ನೇಯ್ಗೆಯನ್ನೂ ಅಳಿಸಿ ಮೇಣದ ಗೊಂಬೆ ಮಾಡುತ್ತದೆ. ಶಾರ್ಪ್‌ನೆಸ್ ಹೆಚ್ಚಿದ್ದರೆ ತಲೆಯ ಸುತ್ತ ಬಿಳಿ ಅಂಚು ಮೂಡುತ್ತದೆ, ಆ ಅಂಚು ಮಾಯವಾಗುವವರೆಗೆ ಇಳಿಸಿ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಇವುಗಳಲ್ಲಿ ಹೆಚ್ಚಿನವು ಒಂದೇ ಒತ್ತಿಗೆ ಆರುತ್ತವೆ.

ಕಪ್ಪು ಬಿಳುಪಿಗೆ ವಿಶೇಷವಾಗಿ ಎರಡು. ಕಲರ್ ಟೆಂಪರೇಚರ್ 'ಕೂಲ್' ಇದ್ದರೆ ಬೂದುಬಣ್ಣ ನೀಲಿಗೆ ತಿರುಗುತ್ತದೆ, 'ವಾರ್ಮ್' ಇಡಿ. ಮೊದಲ ಹತ್ತು ನಿಮಿಷ ಹಳದಿ ಅನಿಸಿದರೂ ಕಣ್ಣು ಹೊಂದಿಕೊಳ್ಳುತ್ತದೆ. ಎರಡನೆಯದು, ಟೇಪಿನಿಂದ ಬಂದ ಪ್ರತಿಯಲ್ಲಿ ಪಟ್ಟೆ ಅಂಗಿ, ಕಸೂತಿಯ ಮೇಲೆ ಕಾಮನಬಿಲ್ಲಿನ ಬಣ್ಣ ಹರಿದಾಡುತ್ತದೆ. 'ಕಲರ್' ಅನ್ನು 0ಗೆ ಇಳಿಸಿ, ಪೂರ್ತಿ ಹೋಗುತ್ತದೆ.

ಕಪ್ಪು ಕೂದಲು ಬೂದಿ ಬಳಿದಂತೆ ಕಂಡರೆ, ಅಥವಾ ಕತ್ತಲಲ್ಲಿ ಕಪ್ಪು ಕೋಟು ಗುಂಡಿ ಸಮೇತ ಮುಳುಗಿಹೋದರೆ, ಸ್ಟಿಕ್ ಮತ್ತು ಟಿವಿಯ ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್ ಹೊಂದಿಲ್ಲ. ಎರಡೂ 'ಲಿಮಿಟೆಡ್' ಇರಲಿ.

ಮಾವಿನತೋಪು:
ಬಣ್ಣದ ಚಿತ್ರವೊಂದು ಪೂರ್ತಿ ಗುಲಾಬಿಯಾಗಿದೆ. ಆಕಾಶವೂ ಗುಲಾಬಿ. ಬಣ್ಣ ತುಂಬಿದ ಹಳೆಯ ಚಿತ್ರಗಳಿಗೂ ಇದೇ ಮದ್ದೇ?

ರೀಲ್‌ಪೆಟ್ಟಿಗೆ:
ಬೇರೆ ಬೇರೆ ವಿಷಯ. ಈಸ್ಟ್‌ಮನ್ ಬಣ್ಣದ ಹಳೆಯ ಪ್ರಿಂಟುಗಳಲ್ಲಿ ಕತ್ತಲಲ್ಲಿಟ್ಟರೂ ನೀಲಿ-ಹಸಿರಿನ ಸಯಾನ್ ವರ್ಣದ್ರವ್ಯ ಮೊದಲು ಮಾಸುತ್ತದೆ, ಕೆಂಪು ಛಾಯೆ ಉಳಿಯುತ್ತದೆ. ಟಿವಿಯ ವೈಟ್ ಬ್ಯಾಲೆನ್ಸ್‌ನಲ್ಲಿ 'ಆರ್ ಗೇನ್' (ಕೆಂಪಿನ ಪ್ರಮಾಣ) ಅನ್ನು ಐದೈದೇ ಇಳಿಸುತ್ತ, ಬಿಳಿ ಪಂಚೆ ಬಿಳಿಯಾಗಿ ಕಾಣುವಲ್ಲಿ ನಿಲ್ಲಿಸಿ. ಮುಖ ಸಹ್ಯವಾಗುತ್ತದೆ, ಹೋದ ಹಸಿರು ಮರಳುವುದಿಲ್ಲ. ಆಮೇಲೆ ರೀಸೆಟ್ ಮಾಡಲು ಮರೆಯಬೇಡಿ.

'ಸತ್ಯ ಹರಿಶ್ಚಂದ್ರ' (ಬಣ್ಣದಲ್ಲಿ ಮರುಬಿಡುಗಡೆ 2008), 'ಕಸ್ತೂರಿ ನಿವಾಸ' (2014) ಇವು ಕಪ್ಪು ಬಿಳುಪಿಗೆ ಕಂಪ್ಯೂಟರಿನಲ್ಲಿ ಬಣ್ಣ ತುಂಬಿದವು. ಅಲ್ಲಿ ಕಲರ್ 0 ಮಾಡಿದರೆ ಕಪ್ಪು ಬಿಳುಪು ಕಾಣುತ್ತದೆ, ಆದರೆ ಛಾಯಾಗ್ರಾಹಕರು ಬೆಳಕು ಹಾಕಿ ಸಾಧಿಸಿದ ಬೂದುಛಾಯೆಗಳು ಹಾಗೇ ಬರುತ್ತವೆ ಎನ್ನಲಾಗದು. ಮೂಲ ಪ್ರತಿ ಬೇರೆಯಾಗಿ ಸಿಕ್ಕರೆ ಅದನ್ನೇ ನೋಡಿ.

ಜತನವಾಗಿ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ 'ಘಟಶ್ರಾದ್ಧ' ಸಾಕ್ಷಿ. 1977ರ ಆ ಚಿತ್ರವನ್ನು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿದ್ದ ಮೂಲ ಕ್ಯಾಮೆರಾ ನೆಗೆಟಿವ್‌ನಿಂದ ಪುನರುಜ್ಜೀವಗೊಳಿಸಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ನಮ್ಮ ಎಷ್ಟೊಂದು ಚಿತ್ರಗಳಿಗೆ ಈ ಭಾಗ್ಯ ಸಿಗಬೇಕಿದೆ.

ಲೈನ್‌ಮನ್ ಮಂಡ್ಯ:
ನೆಟ್ ವಿಷಯಕ್ಕೆ ಬರೋಣ. 1080ಪಿಗೆ ನೆಟ್‌ಫ್ಲಿಕ್ಸ್ ಕೇಳುವುದೇ 5 ಎಂಬಿಪಿಎಸ್, 4ಕೆಗೆ 15. ನಿಮ್ಮ 100 ಧಾರಾಳ. ಪ್ಲಾನ್ ಏರಿಸಬೇಡಿ ಸರ್.

ಯೂಟ್ಯೂಬ್‌ನಲ್ಲಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಆನ್ ಮಾಡಿ ರಾತ್ರಿ 9ಕ್ಕೆ ನೋಡಿ. 'ಬಫರ್ ಹೆಲ್ತ್' (ಮುಂಚೆಯೇ ಇಳಿಸಿಟ್ಟ ವಿಡಿಯೊ ಎಷ್ಟು ಸೆಕೆಂಡಿನದು) ಇಳಿಯುತ್ತ ಸೊನ್ನೆಗೆ ಬಂದು ಚಿತ್ರ ನಿಂತರೆ ನೆಟ್ ಅಥವಾ ವೈಫೈ. ಬಫರ್ 30 ಸೆಕೆಂಡ್ ಮೇಲಿದ್ದೂ ಚಿತ್ರ ತಡವರಿಸಿ, 'ಡ್ರಾಪ್ಡ್ ಫ್ರೇಮ್ಸ್' ಏರುತ್ತಿದ್ದರೆ ಸ್ಟಿಕ್ಕಿಗೇ ಉಸಿರು ಸಾಲುತ್ತಿಲ್ಲ: ಬಿಸಿಯಾಗಿದೆ ಅಥವಾ ಸ್ಟೋರೇಜ್ ತುಂಬಿದೆ. ಬಳಸದ ಆಪ್ ತೆಗೆದು, ಉಳಿದವುಗಳ ಕ್ಯಾಶ್ ಅಳಿಸಿ.

ಬಫರ್ ಸೊನ್ನೆ ಆದರೆ ಟಿವಿಯ ಪಕ್ಕ ಲ್ಯಾಪ್‌ಟಾಪ್ ಇಟ್ಟು ರೂಟರಿಗೆ ಪಿಂಗ್ ಮಾಡಿ (ಉತ್ತರ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುವ ಆಜ್ಞೆ), ಹೆಚ್ಚಿನ ಮನೆಗಳಲ್ಲಿ ವಿಳಾಸ 192.168.1.1. ನೂರು ಸಲ ಆಗಲಿ. 10 ಮಿಲಿಸೆಕೆಂಡ್ ಒಳಗೆ ಸಮನಾಗಿ ಬಂದರೆ ವೈಫೈ ಸರಿ. ಆಗಾಗ 200 ದಾಟಿದರೆ ಅಥವಾ ತಪ್ಪಿಹೋದರೆ ದೋಷ ಮನೆಯೊಳಗೇ ಇದೆ. ಸ್ಟಿಕ್ಕನ್ನು 5 ಗಿಗಾಹರ್ಟ್ಸ್ ವೈಫೈಗೆ ಸೇರಿಸಿ. ಪೆಟ್ಟಿಗೆಯಲ್ಲಿ ಬಂದ ಚಿಕ್ಕ ಎಚ್‌ಡಿಎಂಐ ಎಕ್ಸ್‌ಟೆಂಡರ್ ಹಾಕಿ, ಟಿವಿಯ ಲೋಹದ ಬೆನ್ನಿಗೆ ಅಂಟಿಕೊಂಡಿದ್ದರೆ ಸಿಗ್ನಲ್ ಕುಸಿಯುತ್ತದೆ. 2.4ರಲ್ಲೇ ಇರಬೇಕಾದರೆ ಚಾನೆಲ್ 1, 6, 11 ಇವುಗಳಲ್ಲಿ ಖಾಲಿ ಇರುವುದನ್ನು ಹಿಡಿಯಿರಿ. ಕೇಬಲ್ ಎಳೆಯಲು ಆದರೆ ಎಲ್ಲಕ್ಕಿಂತ ಒಳ್ಳೆಯದು, 100 ಎಂಬಿಪಿಎಸ್ ಈಥರ್ನೆಟ್ ಅಡಾಪ್ಟರ್ ಸಾಕು.

ರೂಟರ್ ಪಿಂಗ್ ಸರಿಯಿದ್ದು ಹೊರಗಿನ ಇಂಟರ್ನೆಟ್ ವಿಳಾಸವಾದ 1.1.1.1ಕ್ಕೆ ಮಾಡಿದ್ದು ರಾತ್ರಿ ಮಾತ್ರ ಏರಿದರೆ ಆಪರೇಟರ್ ಕಡೆಯ ದಟ್ಟಣೆ. ಹಗಲು 3 ಗಂಟೆಯದು, ರಾತ್ರಿ 9ರದು ಎರಡರ ಸ್ಕ್ರೀನ್‌ಶಾಟ್ ಇಟ್ಟುಕೊಂಡು ದೂರು ಕೊಡಿ, ಆಗ 'ನಿಮ್ಮ ವೈಫೈ ಸರಿಯಿಲ್ಲ' ಎಂದು ತಳ್ಳಿಹಾಕಲು ಆಗುವುದಿಲ್ಲ. ಫೈಬರ್ ಪೆಟ್ಟಿಗೆಯ ಪುಟದಲ್ಲಿ 'ಆರ್‌ಎಕ್ಸ್ ಪವರ್' (ಒಳಬರುವ ಬೆಳಕಿನ ಬಲ) ಕೂಡ ನೋಡಿ. ಮೈನಸ್ 27 ಡಿಬಿಎಂ ಹತ್ತಿರ ಬಂದಿದ್ದರೆ ತಂತಿ ಮಡಚಿದೆ, ಇಲ್ಲವೇ ಕನೆಕ್ಟರ್‌ನಲ್ಲಿ ಕೊಳೆ ಕೂತಿದೆ. ಲೈನ್‌ಮನ್ ಬಂದು ಒರೆಸಿ ಜೋಡಿಸಿದರೆ ಹಲವು ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ತಾನಾಗಿ ರೀಸ್ಟಾರ್ಟ್ ಆಗುವುದಕ್ಕೆ ಕಾರಣ ನಿಮ್ಮ ಮೊದಲ ಪೋಸ್ಟಿನಲ್ಲೇ ಇದೆ. ಟಿವಿಯ ಸಾಮಾನ್ಯ ಯುಎಸ್‌ಬಿ ಕೊಡುವುದು 0.5 ಆಂಪಿಯರ್, ಸ್ಟಿಕ್ಕಿಗೆ ಬೇಕಾದ್ದು 5 ವೋಲ್ಟ್ 1 ಆಂಪಿಯರ್. ಅದರದೇ ಅಡಾಪ್ಟರ್, ಅದರದೇ ಕೇಬಲ್ ಗೋಡೆಯ ಪ್ಲಗ್ಗಿಗೆ ಹಾಕಿ. ಉದ್ದದ ತೆಳು ಕೇಬಲ್ ಬೇಡ.

ಕರೆಂಟ್ ಹೋದಾಗ ಇನ್ವರ್ಟರಿಗೆ ಬದಲಾಗುವ ಕ್ಷಣದಲ್ಲಿ ರೂಟರ್ ಆರಿದರೆ ಫೈಬರ್ ಮತ್ತೆ ಹತ್ತಲು ಎರಡು ಮೂರು ನಿಮಿಷ ಬೇಕಾಗಬಹುದು. 12 ವೋಲ್ಟ್ ಮಿನಿ ಯುಪಿಎಸ್ ಹಾಕಿ, ಕೊಳ್ಳುವ ಮೊದಲು ರೂಟರಿನ ಅಡಾಪ್ಟರ್ ಮೇಲೆ ಎಷ್ಟು ಆಂಪಿಯರ್ ಎಂದು ಓದಿಕೊಳ್ಳಿ.

ಕುಂದಾಪ್ರ ಪ್ರೊಜೆಕ್ಟರ್:
ಸ್ಟಿಕ್ ಅಲ್ಲ, ಆಂಡ್ರಾಯ್ಡ್ ಪ್ರೊಜೆಕ್ಟರ್. ಯೂಟ್ಯೂಬ್ 1080 ಬರುತ್ತದೆ, ಒಟಿಟಿ ಮಾತ್ರ ಮಂಜುಮಂಜು. ನೆಟ್ ಸರಿ ಇದೆ ಮಾರಾಯ್ರೆ.

ಲೈನ್‌ಮನ್ ಮಂಡ್ಯ:
ಡಿಆರ್‌ಎಂ (ನಕಲು ತಡೆಯುವ ಬೀಗ) ಸಮಸ್ಯೆ. 'ಡಿಆರ್‌ಎಂ ಇನ್ಫೊ' ಆಪ್ ಹಾಕಿ ವೈಡ್‌ವೈನ್ ಎಂಬ ಆ ಬೀಗ ಯಾವ ಮಟ್ಟದ್ದು ನೋಡಿ. ಎಲ್1 ಇದ್ದರೆ ಎಚ್‌ಡಿ ಸಿಗಬಹುದು, ಎಲ್3 ಇದ್ದರೆ ಹಲವು ಸೇವೆಗಳು ಎಸ್‌ಡಿ ಮಾತ್ರ ಕೊಡುತ್ತವೆ. ಸೆಟ್ಟಿಂಗ್‌ನಿಂದ ಬದಲಾಗುವುದಲ್ಲ. ಪ್ರೊಜೆಕ್ಟರಿನ ಎಚ್‌ಡಿಎಂಐಗೆ ಎಲ್1 ಇರುವ ಸ್ಟಿಕ್ ಹಾಕಿ.

ಬಿಳಿಪರದೆ:
ಗಾಡಿಚಕ್ರ ಅಳೆದಾಯಿತು: ಅಗಲ 15.8 ಸೆಂ.ಮೀ., ಎತ್ತರ 11.9. 4:3 ಮಾಡಿದ ಮೇಲೆ ದುಂಡಗಾಗಿದೆ. 50 ಹರ್ಟ್ಸ್‌ನಲ್ಲಿ ಜರ್ಕು ಇಲ್ಲ. ಅಡಾಪ್ಟರ್ ಗೋಡೆಗೆ ಹಾಕಿದೆ. ಎಲ್ಲರಿಗೂ ತುಂಬು ವಂದನೆ. ಉಳಿದದ್ದು ಒಂದು: ಈ ಪ್ರತಿ 128 ನಿಮಿಷ ಇದೆ. ಹಾಡು ಕತ್ತರಿಸಿದ್ದಾರೋ ಏನೋ, ಹೇಗೆ ತಿಳಿಯುವುದು?

ಹುಬ್ಬಳ್ಳಿ ಆಪರೇಟರ್:
ಶುರುವಿಗೆ ಸೆನ್ಸಾರ್ ಸರ್ಟಿಫಿಕೇಟ್ ಬರ್ತೈತಲ್ರಿ, ಅಲ್ಲಿ ಪಾಸ್ ಮಾಡ್ರಿ. ರೀಲ್ ಎಷ್ಟು, ಉದ್ದ ಎಷ್ಟು ಬರದಿರ್ತಾರ. 35 ಎಂಎಂ ನಿಮಿಷಕ್ಕ 90 ಅಡಿ, ಅಂದ್ರ 27.4 ಮೀಟರ್ ಓಡತೈತಿ. 4000 ಮೀಟರ್ ಇದ್ರ ಭಾಗಿಸ್ರಿ, 146 ನಿಮಿಷ. ಪಾಲ್ ಪ್ರತಿಗೆ 0.96ರಿಂದ ಗುಣಿಸ್ರಿ, 140. ನಿಮ್ಮದು 128 ಅಂದ್ರ 12 ನಿಮಿಷ ಇಲ್ಲ, ಒಂದು ರೀಲಿಗಿಂತ ಜಾಸ್ತಿನ ಆತು. ಒಂದೊಂದು ನಿಮಿಷದ ಫರಕು ಬಿಡ್ರಿ, ಹರಿದ ತುದಿ ಇರ್ತಾವ. ಸರ್ಟಿಫಿಕೇಟಿನ ಅಂಕಿ ಇಲ್ಲಿ ಹಾಕ್ರಿ, ಯಾವ ರೀಲ್ ಹೋಗೇತಿ ಕೂಡೇ ಹುಡುಕೋಣು.

ಬಿಳಿಪರದೆ:
17 ರೀಲ್, 4,110 ಮೀಟರ್.

ಹುಬ್ಬಳ್ಳಿ ಆಪರೇಟರ್:
150 ನಿಮಿಷ, ಪಾಲ್‌ನಾಗ 144. 16 ನಿಮಿಷ ಇಲ್ರಿ. ಬಲಮೂಲಿ ಗುರುತು ಯಾವ ಯಾವ ನಿಮಿಷಕ್ಕ ಮಿಂಚತಾವ ಅಂತ ಬರಕೊಂಡು ಬರ್ರಿ. ಎರಡು ಗುರುತಿನ ನಡುವಿನ ಹೊತ್ತು ಎಲ್ಲಿ ಕಡಿಮಿ ಬರ್ತೈತೋ ಅಲ್ಲೇ ಕತ್ತರಿ ಬಿದ್ದೈತಿ. ಹಾಡಿನ ಪುಸ್ತಕ ಸಿಕ್ಕರ ಅದನ್ನೂ ಪಕ್ಕಕ್ಕ ಇಟ್ಕೊಳ್ರಿ.